ಅಕ್ಕನಿಗೆ ಅಳು ಕಲಿಸಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಕ್ಕನಿಗೆ ಅಳು ಕಲಿಸಿದವನು ನಾನೇ. ಕಲಿಸುತ್ತಿರುವುದು ಯಾರ ಅಳು ಎಂದು ಯೋಚಿಸುವಷ್ಟು ಬುದ್ಧಿ ಆಗ ಇರಲಿಲ್ಲ. ಈಗ ಇದೆಯೆಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಕುರುಗೋಡಿನಲ್ಲಿ ನನಗೆ ಸಿಗದ ಮುಖವಿಲ್ಲ. ಬಸ್ ಕಂಡಕ್ಟರ್, ಶಾಲೆಯ ಮೇಷ್ಟ್ರು, ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ಹೀರೋ ಆಗುವ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಅಕ್ಕ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು, ಮೂಗಿನೊಳಗಿಂದ ಆಪರೇಷನ್ ಆದ ಮೇಲೆ ಆ ನಗು ನಿಂತಿತು. ನಾನು ಬೆವರು ಸುರಿಸಿ ಆಟ ಮುಗಿಸಿದರೆ, "ಆತೇನಲೇ? ನೀರು ಕೊಡು" ಎನ್ನುತ್ತಿದ್ದಳು. ನೀರಡಿಕೆಯೂ ಆಗಲೇ ಶುರುವಾಗಿದ್ದು.

ಸಿರುಗುಪ್ಪದ ಗಂಡನ ಮನೆಯಲ್ಲಿ ಇದು ತಮಾಷೆಯಾಗಿ ಉಳಿಯಲಿಲ್ಲ. ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ನೋವಿಗೆ ಅಳುತ್ತಿದ್ದರೆ, ಇವಳು ಬಾಗಿಲಲ್ಲಿ ನಿಂತು, "ಬಕೆಟ್ ಖಾಲಿ ಆತೇನ್ರಿ ಅತ್ತಿ?" ಎಂದಳಂತೆ.

"ಹೊಟ್ಯಾಗ ಕರುಳು ಹುಟ್ಟಿದ ಮ್ಯಾಲೆ ಬಾ" ಎಂದು ಅತ್ತೆ ಅವಳನ್ನು ತವರಿಗೆ ಕಳಿಸಿಬಿಟ್ಟರು. ಭಾವ ವಾರಕ್ಕೊಮ್ಮೆ ಬೈಕಿನಲ್ಲಿ ಬಂದು ಚಹಾ ಕುಡಿದು ಹೋಗುತ್ತಿದ್ದರು. ಅತ್ತೆಯ ಕರೆ ಮಾತ್ರ ಬರಲಿಲ್ಲ.

ಬಳ್ಳಾರಿಯ ಗಾಂಧಿನಗರದ ಡಾಕ್ಟರಮ್ಮನ ಬಳಿ ಅಕ್ಕನನ್ನು ಕರೆದೊಯ್ದೆ. "ಆಪರೇಷನ್ ಆದ ಗ್ರಂಥಿಯ ಹಾರ್ಮೋನು ಕಡಿಮಿ ಆದಾಗ ಕೆಲವರಿಗೆ ಎದುರಿನವರ ಮುಖ ನೋಡಿ ಮನಸ್ಸು ತಿಳಿಯೋದು ಕಷ್ಟ ಆಗಬಹುದು. ಎಲ್ಲಾರಿಗೂ ಹಂಗಾಗಂಗಿಲ್ಲ, ಯಾಕ ಅನ್ನೋದೂ ಇನ್ನೂ ಪೂರ್ತಿ ಗೊತ್ತಾಗಿಲ್ಲ. ನೀರಡಿಕಿಗೆ ಕೊಟ್ಟ ಗುಳಿಗಿ ತಪ್ಪಿಸಬ್ಯಾಡ್ರಿ. ಒಂದು ಮಾತ್ರ ಖರೆ, ಇದು ಸೊಕ್ಕಲ್ಲ" ಎಂದರು.

ಬಸ್ಸಿನಲ್ಲಿ ಅಕ್ಕ, "ಸೊಕ್ಕಲ್ಲ ಅಂತ ನನಗ ಗೊತ್ತಿತ್ತು. ಅತ್ತಿಗೆ ಯಾರು ಹೇಳಬೇಕು?" ಎಂದಳು.

ಅಷ್ಟರಲ್ಲಿ ಅತ್ತೆಯ ಒಡಹುಟ್ಟಿದ ಅಕ್ಕ ತೀರಿಕೊಂಡ ಸುದ್ದಿ ಬಂತು. ಸೊಸೆಯಾದವಳು ಮಾತಾಡಿಸಲು ಹೋಗಲೇಬೇಕು. ಹೋಗಿ ಒಣಗಣ್ಣಲ್ಲಿ ಕೂತರೆ ಆ ಮನೆಯ ಬಾಗಿಲು ಪೂರ್ತಿ ಮುಚ್ಚಿದಂತೆಯೇ.

"ಲೇ, ಎಲ್ಲಾರ ಮುಖ ಮಾಡ್ತಿಯಲ್ಲ, ನನಗ ಅಳೋದು ಕಲಿಸು" ಎಂದಳು.

ನನಗೂ ಒಬ್ಬ ಶಿಷ್ಯೆ ಸಿಕ್ಕಳೆಂದು ಹಿಗ್ಗಿದೆ. ಎರಡು ದಿನ ತಾಲೀಮು. ಸೆರಗು ಬಾಯಿಗೆ, ಭುಜ ಕುಲುಕಬೇಕು, "ಅಯ್ಯೋ ದೇವುಡಾ" ಎಂದು ತೆಲುಗಿನಲ್ಲೇ ಎಳೆಯಬೇಕು, ಮೂರು ಬಿಕ್ಕು, ಕೊನೆಗೆ ಎಡಗೈಯಿಂದ ನೆಲಕ್ಕೊಂದು ಏಟು. ಅಕ್ಕ ಒಂದೂ ಬಿಡದೆ ಕಲಿತಳು.

ಸಿರುಗುಪ್ಪದ ಮನೆಯ ಪಡಸಾಲೆ ತುಂಬ ಹೆಂಗಸರು, ಬಾಗಿಲಲ್ಲಿ ನಾನು. ಅಕ್ಕ ಅತ್ತೆಯ ಎದುರು ಕೂತು ಶುರು ಮಾಡಿದಳು. "ಅಯ್ಯೋ ದೇವುಡಾ" ಎಂದಾಗಲೇ ಒಂದಿಬ್ಬರು ತಲೆ ಎತ್ತಿದರು. ಮೂರನೇ ಬಿಕ್ಕಿಗೆ ಅತ್ತೆಯ ಅಳು ನಿಂತಿತು. ನೆಲಕ್ಕೆ ಏಟು ಬಿದ್ದಾಗ ಪಕ್ಕದ ಮನೆಯಾಕೆ ಅತ್ತೆಯತ್ತ ತಿರುಗಿ, "ಯಕ್ಕಾ, ಇದು ನಿನ್ನ ಅಳು ಇದ್ದಂಗೈತಲ್ಲ!" ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಆಗ ನನಗೆ ಹೊಳೆಯಿತು. ಹಿಂದೆ ಅಕ್ಕನ ಮಾವ ತೀರಿಕೊಂಡಾಗ ಅತ್ತೆ ಅತ್ತದ್ದನ್ನು ನೋಡಿ ಕಲಿತ ಅಳು ಅದು. ನನಗೆ ಬರುತ್ತಿದ್ದದ್ದು ಅದೊಂದೇ.

"ಯಾರು ಕಲಿಸಿದ್ರು ಇದನ್ನ?" ಎಂದರು ಅತ್ತೆ.

"ಇವನ ರೀ" ಎಂದು ಅಕ್ಕ ನೇರವಾಗಿ ನನ್ನತ್ತ ಬೊಟ್ಟು ಮಾಡಿ, ಸೆರಗು ಕೆಳಗಿಳಿಸಿದಳು. "ಅತ್ತಿ, ನನಗ ಅಳು ಬರವಲ್ದು. ಆಪರೇಷನ್ ಆದಾಗಿಂದ ಹಿಂಗ, ಡಾಕ್ಟರಮ್ಮನೂ ಹೇಳ್ಯಾರ. ನಿಮ್ಮ ಮುಖ ನೋಡಿ ನಿಮಗೇನಾಗೇತಿ ಅಂತ ತಿಳಿಯಂಗಿಲ್ಲ. ಅವತ್ತು ಬಚ್ಚಲದಾಗೂ ತಿಳೀಲಿಲ್ಲ. ಏನು ಬೇಕು ಅಂತ ಬಾಯಿಬಿಟ್ಟು ಹೇಳ್ರಿ, ಮಾಡ್ತೀನಿ. ನಾ ಈ ಮನ್ಯಾಗ ಇರಬೇಕು."

ಅತ್ತೆ ಮೂಗು ಒರೆಸಿಕೊಂಡು ಅವಳನ್ನೇ ದಿಟ್ಟಿಸಿದರು. ಆಮೇಲೆ ಒಂದೊಂದೇ ಬೆರಳು ಮಡಿಚುತ್ತ ಹೇಳಿದರು:

"ಹಂಗಾದ್ರ ಕೇಳು. ಮೊದಲು, ನನ್ನಂಗ ಅಳೋದು ಬಿಡು. ಎಲ್ಡನೇದು, ಮುಂಜಾನಿಂದ ಹೊಟ್ಯಾಗ ಏನಿಲ್ಲ, ಒಳಗ ಹೋಗಿ ಚಾ ಕಾಸು. ಮೂರನೇದು, ಈ ಕೋತಿನ ಕುರುಗೋಡು ಬಸ್ಸಿಗೆ ಹತ್ತಿಸು. ಅವನೊಬ್ಬನ್ನ ಅಷ್ಟ."