ಮಾವ ಹೇಳಿಸಿದ ರಸ್ತೆಗಳು

ಮಾವನ ಎಡಗೈ ಹೆಬ್ಬೆರಳ ಬುಡದಲ್ಲಿ ಸದಾ ನೀಲಿ ಶಾಯಿಯ ಕಲೆ. ಮೊಪೆಡ್ ನಿಲ್ಲಿಸಿ ರಸ್ತೆಯ ಹೆಸರನ್ನು ಅಲ್ಲೇ ಬರೆದುಕೊಳ್ಳುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಅದು ಮಳೆಗೆ ಹರಡಿಹೋಗಿರುತ್ತಿತ್ತು.

ಅವರು ನನ್ನ ಅಕ್ಕನ ಗಂಡ, ವಿಜಯಪುರದ ಕಡೆಯವರು. ತೊಂಬತ್ತರ ದಶಕದ ಕೊನೆಗೆ ಎಜ್‌ವೇರ್‌ನ ಅವರ ಫ್ಲ್ಯಾಟಿನಲ್ಲಿ ನಾವಿಬ್ಬರೂ ಲಂಡನ್ ಟ್ಯಾಕ್ಸಿ ಪರೀಕ್ಷೆಗೆ ಓದುತ್ತಿದ್ದೆವು. ಸೂಟು ಹಾಕಿಕೊಂಡು ಪರೀಕ್ಷಕರ ಮುಂದೆ ಕೂತು, ಅವರು ಕೇಳಿದ ಎರಡು ಜಾಗಗಳ ನಡುವಿನ ದಾರಿಯನ್ನು ಒಂದು ತಿರುವೂ ಬಿಡದೆ, ನಕ್ಷೆ ನೋಡದೆ ಹೇಳಬೇಕು. ಹಗಲು ಮೊಪೆಡ್ ಮೇಲೆ ಬೀದಿ ಬೀದಿ ಸುತ್ತಿ ಕಲಿಯುವುದು, ಮತ್ತೆ ಮತ್ತೆ ಪರೀಕ್ಷೆಗೆ ಹೋಗುವುದು, ಇದು ವರ್ಷಗಟ್ಟಲೆ ನಡೆಯುತ್ತದೆ. ಮಾವನಿಗೆ ಅದು ಆರನೆಯ ವರ್ಷ, ನನಗೆ ಮೂರನೆಯದು. ಮನೆಯಲ್ಲಿ ನನಗೆ ಎಲ್ಲವೂ ಬರುತ್ತಿತ್ತು. ಪರೀಕ್ಷಕರ ಮುಂದೆ ಕೂತರೆ ಒಂದೂ ನೆನಪಾಗುತ್ತಿರಲಿಲ್ಲ. ಇದೂ ಕೈತಪ್ಪಿದರೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದೇ ನನಗೆ ಗತಿಯಾಗಿತ್ತು.

ಅಂಜಿಕೆಗೆ ಮಾವನ ಬಳಿ ಒಂದೇ ಮದ್ದಿತ್ತು: ಮನೆಯನ್ನು ಪರೀಕ್ಷೆಯ ಕೋಣೆಗಿಂತ ಕೆಟ್ಟದ್ದಾಗಿ ಮಾಡುವುದು. ದಿನಾ ಸಂಜೆ ಟೈ ಕಟ್ಟಿಕೊಂಡು ಊಟದ ಮೇಜಿನ ಆಚೆ ಕೂರುತ್ತಿದ್ದರು. ನಾನು ಬಾಗಿಲು ತಟ್ಟಿ, ಸರ್ ಎಂದು ಕರೆದು ಒಳಗೆ ಬರಬೇಕು. ತಡವರಿಸಿದರೆ ನನ್ನ ಓದು, ನನ್ನ ಇಂಗ್ಲಿಷು, ತೀರಿಹೋದ ನಮ್ಮಪ್ಪ, ಯಾವುದನ್ನೂ ಹಂಗಿಸದೆ ಬಿಡುತ್ತಿರಲಿಲ್ಲ. "ನಮ್ಮೂರ ಎಮ್ಮಿನೂ ಸಂಜಿಕ ತನ್ನ ಗ್ವಾದಲಿ ಹುಡಿಕ್ಕೊಂಡ ಬರತೈತಿ. ನಿನಗ ಒಂದು ಚೌಕ ಸಿಗೂದಿಲ್ಲೇನು?" ಆಮೇಲೆ ಎಂದಿನ ಮಾತು: "ಇಡೀ ದಾರಿ ನೆನಸಬ್ಯಾಡ ತಮ್ಮಾ. ಮುಂದಿನ ತಿರುವು ಒಂದ ಹೇಳು."

ಒಂದು ಸಂಜೆ ಕ್ಯಾನರಿ ವಾರ್ಫಿನಿಂದ ಹೊರಟ ದಾರಿಯಲ್ಲಿ ನಾಲ್ಕನೇ ಸಲ ಸಿಕ್ಕಿಕೊಂಡೆ. ಅವರು ನಕ್ಕರು. ನನಗೆ ತಡೆಯಲಾಗಲಿಲ್ಲ.

"ಆರು ವರ್ಷದಿಂದ ನೀವೂ ಸುತ್ತಾಕತ್ತೀರಿ, ಮಾವಾರ. ನಿಮಗ ಪಾಸಾಗೂದು ಆಗೂದಿಲ್ಲ. ಅಕ್ಕಗ ಗೊತ್ತೈತಿ, ಮಕ್ಕಳಿಗೂ ಗೊತ್ತೈತಿ. ನಿಮಗ ಒಬ್ಬರಿಗೇ ಗೊತ್ತಿಲ್ಲ."

ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಮಾವ ಟೈ ಸರಿಪಡಿಸಿಕೊಂಡರು.

"ಸಿಟ್ಟ ಬಂತಲ್ಲ? ಚಲೋ ಆತು. ಈಗ ಎಡಕ್ಕೋ, ಬಲಕ್ಕೋ?"

ಎಡಕ್ಕೆ ಎಂದೆ. ಅಲ್ಲಿಂದ ಕೊನೆಯವರೆಗೆ ಒಂದೂ ತಪ್ಪಲಿಲ್ಲ.

ಮರುದಿನ ಅವರು ಮೊಪೆಡ್ ಹೊರಗೆ ತೆಗೆಯಲಿಲ್ಲ. ಆಮೇಲೂ ತೆಗೆಯಲಿಲ್ಲ. ತಮ್ಮ ಪರೀಕ್ಷೆಯ ದಿನ ಮನೆಯಲ್ಲೇ ಉಳಿದರು. ನನ್ನನ್ನು ಕೂರಿಸಿ ಬೈಯುವುದನ್ನು ಮಾತ್ರ ಒಂದು ಸಂಜೆಯೂ ತಪ್ಪಿಸಲಿಲ್ಲ. ಒಂದು ವರ್ಷ ಕಳೆದು ನಾನು ಪಾಸಾದೆ. ಹೋಗಿ ಹೇಳಿದಾಗ, ಯಾವ ದಾರಿ ಕೇಳಿದರು ಎಂದಷ್ಟೇ ವಿಚಾರಿಸಿದರು. ಆ ಸಂಜೆಯ ಮಾತಿಗೆ ತಪ್ಪಾಯಿತು ಎನ್ನಲು ನಾನು ಒಂದು ಒಳ್ಳೆಯ ದಿನಕ್ಕೆ ಕಾಯುತ್ತಿದ್ದೆ. ಆ ಚಳಿಗಾಲದಲ್ಲಿ ಮಾವ ಎದೆನೋವಿನಿಂದ ತೀರಿಕೊಂಡರು.

ದಹನ ಮುಗಿಸಿ ಬಂದ ಮಧ್ಯಾಹ್ನ ಅವರ ಮಗ ನೆಂಟರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಅಪ್ಪ ಖಂಡಿತ ಪಾಸಾಗುತ್ತಿದ್ದರಂತೆ, ಮಂಡಿನೋವು ಬಂದು ಮೊಪೆಡ್ ಬಿಡಬೇಕಾಯಿತಂತೆ. ಹಾಗೆಂದು ಅಪ್ಪನೇ ಹೇಳಿದ್ದರಂತೆ. ಮಾವನ ಮಂಡಿಗೆ ಏನೂ ಆಗಿರಲಿಲ್ಲ.

"ಹೌದಲ್ಲ, ಮಾಮಾ?" ಎಂದು ನನ್ನತ್ತ ತಿರುಗಿದ. ನಾನು ಹೌದೆಂದು ತಲೆಯಾಡಿಸಿದೆ.

ಅಕ್ಕ ಚಹಾದ ಕಪ್ಪು ತಂದು ನನ್ನ ಕೈಗಿಟ್ಟಳು. "ಕುಡಿ, ಆರತೈತಿ" ಎಂದಳು, ನನ್ನ ಮುಖ ನೋಡದೆ.