ರೇಷ್ಮೆ ಸೀರೆಯ ಮೇಲೆ ಬಿಸಿ ಸಾರು

ಮೊನ್ನೆ ಯಳಂದೂರಿನ ನೆಂಟರ ಮನೆಯಲ್ಲಿ ನಾಮಕರಣ. ಮುತ್ತುಗದ ದೊನ್ನೆಗೆ ಬಿಸಿ ಸಾರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಒಣಗಿದ ಎಲೆಗೆ ಇದ್ದಕ್ಕಿದ್ದಂತೆ ಕಾಡು ನೆನಪಾದಂಥ ವಾಸನೆ... ಅದು ಮೂಗಿಗೆ ತಾಕಿದ್ದೇ ನಾನು ಊಟ ಮರೆತು ಕೂತೆ. ಕೊಳ್ಳೇಗಾಲದಲ್ಲಿ ನಮ್ಮ ಹಿತ್ತಿಲಿಗೆ ಅಂಟಿದ ಮನೆಯಾಕೆ ಕಣ್ಣ ಮುಂದೆ ಬಂದಿದ್ದಳು.

ಆಕೆ ಹಿತ್ತಲ ಶೆಡ್ಡಿನಲ್ಲಿ ಎಲೆ ಒತ್ತುವ ಮೆಷಿನ್ ಇಟ್ಟಿದ್ದಳು. ಎರಡು ಪದರ ಮುತ್ತುಗದ ಎಲೆ, ಬಿಸಿ ಅಚ್ಚು, ಮೇಲೆ ಎಲೆಯದೇ ಮುಚ್ಚಳ. ಸಾರು ಪಾರ್ಸಲ್ ಕಟ್ಟುವ ಡಬ್ಬಿ ತಯಾರು. ಬೀದಿಯ ಕೆಲವು ಹೆಂಗಸರಿಗೆ ಅಲ್ಲೇ ಕೆಲಸ. ಡಬ್ಬಿ ಸೊಗಸಾಗಿತ್ತು, ಕೊಳ್ಳುವವರಿರಲಿಲ್ಲ. ಮಹದೇಶ್ವರ ಬೆಟ್ಟದಲ್ಲಿ ಪ್ಲಾಸ್ಟಿಕ್ ಬೇಡವೆಂದಾಗ ಅಲ್ಲಿನ ಹೋಟೆಲಿನ ಯಜಮಾನರೊಬ್ಬರು ಸ್ಯಾಂಪಲ್ ತರಲು ಹೇಳಿ ಕಳಿಸಿದರು. ಈ ಆರ್ಡರ್ ಸಿಗದಿದ್ದರೆ ಶೆಡ್ಡಿಗೆ ಬೀಗ ಬೀಳುವುದು ನಮಗೆಲ್ಲ ಗೊತ್ತಿತ್ತು.

ಶೆಡ್ಡಿನಲ್ಲಿ ಡಬ್ಬಿಗೆ ನೀಲಿ ಇಂಕಿನ ನೀರು ತುಂಬಿ ನ್ಯೂಸ್‌ಪೇಪರಿನ ಮೇಲೆ ಇಡುತ್ತಿದ್ದರು. ಕಲೆ ಬಿದ್ದರೆ ರಿಜೆಕ್ಟ್. ಅದಕ್ಕೆ ‘ಕ್ವಾಲಿಟಿ ಕಂಟ್ರೋಲ್’ ಎಂದು ಹೆಸರಿಟ್ಟವಳು ನಾನು, ಕಾನ್ವೆಂಟಿನ ಗತ್ತು ನೋಡಿ. ಆಕೆಗೆ ಅಷ್ಟು ಸಾಲದು.

“ಮೇಡಮ್ಮೋರೆ, ನೀರು ತಣ್ಗೆ ಕೂತಿರ್ತದೆ. ಸಾರು ಸುಡ್ತದೆ, ಬಸ್ಸು ಕುಣೀತದೆ. ತುಂಬ್ಕಂಡೇ ಬೆಟ್ಟಕ್ಕೋಗವ, ನೀವೂ ಬನ್ನಿ.”

ಹೊರಟ ದಿನ ನೋಡಿದರೆ ಆಕೆ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದಳು. “ಆರ್ ಯು ಮ್ಯಾಡ್?” ಎಂದೆ.

“ಹಳೇ ಸೀರೆ ಉಟ್ರೆ ಕಣ್ಣು ‘ಓಗ್ಲಿ ಬುಡು’ ಅಂತದೆ ಕಣ್ರಿ. ರೇಷ್ಮೆ ಮ್ಯಾಲೆ ಒಂದ್ ತೊಟ್ಟು ಬಿದ್ರೂ ಕರುಳು ಚುರುಕ್ ಅಂತದೆ.”

ಹನೂರಿನಲ್ಲಿ ಕಂಡಕ್ಟರ್ ಹತ್ತಿರ ಬಂದ. “ಏನಮ್ಮ, ಮದ್ವೆಗಾ?”

“ಇಲ್ಲ ಕಣಪ್ಪ, ಸಾರು ಸೋರ್ತದಾ ಅಂತ ನೋಡಕೆ.”

“ಸೋರಿದ್ರೆ?”

“ಸೀರೆ ನಂದು. ನೀನ್ಯಾಕ್ ಅಳ್ತೀಯ, ಟಿಕೀಟ್ ಕೊಡು.”

ಕೌದಳ್ಳಿ ದಾಟಿ ತಿರುವುಗಳು ಶುರುವಾದವು. ಬೆಟ್ಟ ತಲುಪುವ ಹೊತ್ತಿಗೆ ಆಕೆಯ ತೊಡೆಯ ಮೇಲೆ ಹುಣಸೆಹಣ್ಣಿನಷ್ಟು ಕಂದು ಕಲೆ. ಹೋಟೆಲಿನ ಬಾಗಿಲಲ್ಲಿ ನಾನು ಅವಳ ಸೆರಗನ್ನು ಅದರ ಮೇಲೆ ಎಳೆದು, ಅಡ್ಜಸ್ಟ್ ಮಾಡ್ಕೋ ಎಂದು ಪಿಸುಗುಟ್ಟಿದೆ. ಆಕೆ ಸೆರಗು ಸರಿಸಿ ಯಜಮಾನರಿಗೇ ತೋರಿಸಿದಳು.

“ಇದೊಂದು ಸೋರ್ತು. ಎಲೆ ಜಾಸ್ತಿ ಒಣಗಿ ನಡುನರ ಸೀಳ್ಕಂಡದೆ. ಮಿಕ್ಕವು ಸೋರಿಲ್ಲ, ತಳ ಮುಟ್ ನೋಡಿ.”

ಯಜಮಾನರು ಒಂದೊಂದನ್ನೂ ಎತ್ತಿ ತಳ ಸವರಿದರು. “ಸೋರಿದ್ದನ್ನ ತಂದು ತೋರ್ಸೋರ್ನ ನಾನು ನೋಡೇ ಇರ್ಲಿಲ್ಲ ಕಣಮ್ಮ. ಮುಂದಿನ್ ವಾರ ಬನ್ನಿ. ಒಂದೂ ಸೋರ್ಬಾರ್ದು, ಆಗ ಆರ್ಡರು.”

ಆ ವಾರವೆಲ್ಲ ಹೆಂಗಸರು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ನರ ಮೆತ್ತಗಾದ ಮೇಲೆ ಒತ್ತಿದರು. ಹೊರಡುವ ಬೆಳಿಗ್ಗೆ ಆಕೆ ನಮ್ಮ ಮನೆಯ ಬಾಗಿಲಲ್ಲಿ ನಿಂತಳು.

“ಈ ಸಲಿ ನಿಮ್ ರೇಷ್ಮೆ.”

“ಯಾಕೆ?”

“ನನ್ ಸೀರೆ ಕಲೆ ಆಗೋಯ್ತು. ಹೊಸಾ ಕಲೆ ಯಾವ್ದು ಅಂತ ಎಂಗ್ ಗೊತ್ತಾಯ್ತದೆ?”

ನಮ್ಮಮ್ಮ ಕೊಡಿಸಿದ ಹಸಿರು ಸೀರೆ, ಮಡಿಲ ತುಂಬ ಸಾರಿನ ಡಬ್ಬಿಗಳು. ತಿರುವಿಗೊಂದು ಕಾನ್ವೆಂಟಿನಲ್ಲಿ ಕಲಿತ ‘ಹೇಲ್ ಮೇರಿ’ ಪ್ರಾರ್ಥನೆ, ತಿರುವಿಗೊಂದು ‘ಮಾದಪ್ಪಾ’. ಪಕ್ಕದಲ್ಲಿ ಆಕೆ ಕಿಸಕಿಸ ನಗುತ್ತಿದ್ದಳು. ಆದರೆ ನನ್ನ ಮೊಣಕೈ ಹಿಡಿದಿದ್ದ ಅವಳ ಅಂಗೈ ಬೆವೆತು ಹೋಗಿತ್ತು...

ಬೆಟ್ಟದ ಸ್ಟ್ಯಾಂಡಿನಲ್ಲಿ ಇಳಿದು ಡಬ್ಬಿಗಳನ್ನು ಕಟ್ಟೆಯ ಮೇಲಿಟ್ಟೆವು. ಆಕೆ ನಡುರಸ್ತೆಯಲ್ಲೇ ನನ್ನ ನೆರಿಗೆ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ಅತ್ತಳು. ಒಂದು ತೊಟ್ಟೂ ಸೋರಿರಲಿಲ್ಲ.

ಆರ್ಡರ್ ಬಂತು. ಆಮೇಲೆ ಪ್ರತಿ ಹೊಸ ಅಚ್ಚಿಗೂ ನಾವಿಬ್ಬರೂ ಒಂದು ಸಲ ಬೆಟ್ಟ ಹತ್ತುತ್ತಿದ್ದೆವು. ಇಬ್ಬರ ರೇಷ್ಮೆಯೂ ಮದುವೆ ಮನೆಗೆ ಉಡುವ ಹಾಗೆ ಉಳಿಯಲಿಲ್ಲ.

ಆಕೆ ತೀರಿಹೋದ ಮೇಲೆ ಅವಳ ಸೊಸೆ ಶೆಡ್ಡನ್ನು ದೊಡ್ಡದು ಮಾಡಿದ್ದಾಳೆ. ಈಗೊಂದು ಮೆಷಿನ್ ಬಂದಿದೆ. ಡಬ್ಬಿಯನ್ನು ನೀರಲ್ಲಿ ಮುಳುಗಿಸಿ ಗಾಳಿ ಊದುತ್ತದೆ, ತೂತಿದ್ದರೆ ಗುಳ್ಳೆ ಏಳುತ್ತದೆ. ನನ್ನನ್ನು ಕರೆದು ತೋರಿಸಿದಳು. ವೆರಿ ಗುಡ್ ಎಂದೆ, ಮನಸಾರೆ ಎಂದೆ. ಇನ್ನು ಯಾರೂ ಮಡಿಲಲ್ಲಿ ಬಿಸಿ ಸಾರು ಇಟ್ಟುಕೊಂಡು ಬೆಟ್ಟ ಹತ್ತಬೇಕಾಗಿಲ್ಲ. ಹನೂರಿನ ಮೇಲೆ ಬೆಟ್ಟಕ್ಕೆ ಹೋಗುವ ಬಸ್ಸು ಈಗಲೂ ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ... ನನಗೆ ಹತ್ತಲು ನೆಪವೇ ಇಲ್ಲ.