ಯಮನವ್ವನ ಇಪ್ಪತ್ತು ಮರಿ

"ಯಮನವ್ವನ ಕೈಗುಣಾನೇ ಹಂಗ, ಮುಟ್ಟಿದ್ದೆಲ್ಲಾ ಹೆಣ್ಣಾಗ್ತದ," ಎಂದು ಕಂಪನಿ ಚಾಳಿನ ಹೆಂಗಸರು ನಗುತ್ತಿದ್ದರು. ಮನೆಯಲ್ಲಿ ಮೂರೂ ಹೆಣ್ಣುಮಕ್ಕಳು. ಪುಣೆಯಿಂದ ರಾಂಜಣಗಾಂವಕ್ಕೆ ಹೋಗುವ ದಾರಿಯ ಹ್ಯಾಚರಿಯಲ್ಲಿ ಒಂದು ದಿನದ ಕೋಳಿಮರಿಗಳ ರೆಕ್ಕೆ ಬಿಡಿಸಿ ನೋಡಿ ಹೆಣ್ಣು ಗಂಡು ಬೇರೆ ಮಾಡುವುದೇ ಅವಳ ಕೆಲಸ. ಮೊಟ್ಟೆಗಾಗಿ ಸಾಕುವ ರೈತರು ಪೆಟ್ಟಿಗೆಯ ಮೇಲಿನ ಅವಳ ಹೆಸರಿನ ಚೀಟಿ ನೋಡಿಯೇ ಮರಿ ಒಯ್ಯುತ್ತಿದ್ದರು.

ರೆಕ್ಕೆಯ ಗರಿ ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ಎಲ್ಲ ಸಮ ಇದ್ದರೆ ಗಂಡು. ದನದ ಡಾಕ್ಟರು ಅವಳಿಗೆ ಒಮ್ಮೆ ಬಿಡಿಸಿ ಹೇಳಿದ್ದರು: "ಲಗೂ ಗರಿ ಬರೋ ಹುಂಜ, ತಡಾ ಗರಿ ಬರೋ ಹ್ಯಾಟಿಕೋಳಿ ಕೂಡಿದರಷ್ಟೇ ಈ ಗುರುತು. ಹೆಣ್ಣುಮರಿಗೆ ಗರಿಯ ಗುಣ ಅಪ್ಪನಿಂದಷ್ಟೇ ಬರ್ತದ. ಅವ್ವನ ತಡಾ ಗುಣ ಗಂಡುಮರಿಗೆ ಹೋಗ್ತದ."

೨೦೦೩ರ ಒಂದು ಮುಂಜಾನೆ ಮೊದಲ ಪೆಟ್ಟಿಗೆಯ ಮರಿಗಳೆಲ್ಲ ಹೆಣ್ಣಿನ ಗರಿಯವೇ. ಎರಡನೆಯದೂ ಹಾಗೇ. ಮೂರನೆಯದನ್ನು ನೋಡಿ ಯಮನವ್ವ ಪೆಟ್ಟಿಗೆ ಬದಿಗೆ ಸರಿಸಿದಳು.

"ಎಲ್ಲಾ ಹೆಣ್ಣು! ನಿನ್ನ ಕೈಗುಣ ಖರೇನ ಆತಲ್ಲಬೇ," ಎಂದ ಸೂಪರ್‌ವೈಸರ್ ತಾಯಪ್ಪ. "ಗಾಡಿ ನಿಂತದ, ತುಂಬು."

"ಅಲ್ರೀ, ಶೆಡ್ಡಿನಾಗ ತಾಯಿಕೋಳಿ ಅದಲಬದಲಾಗ್ಯಾವ, ಲಗೂ ಗರಿ ಬರೋವು ಸೇರ್ಯಾವ. ಇದರಾಗ ಅರ್ಧ ಗಂಡು ಅದಾವ. ನನ್ನ ಚೀಟಿ ಹಚ್ಚಬ್ಯಾಡ್ರಿ."

ಆ ಕೋಳಿಗಳನ್ನು ಶೆಡ್ಡಿಗೆ ಬಿಡಿಸಿದವನು ತಾಯಪ್ಪನೇ. ಅವನ ಮುಖ ಕಪ್ಪಿಟ್ಟಿತು. "ಬಾಯಿ ಬಿಟ್ಟರ ಕಂಪನಿ ಖೋಲಿ ಖಾಲಿ ಮಾಡಬೇಕಾಗ್ತದ, ನೋಡ್ಕೊ."

ಗಾಡಿ ಹೋಯಿತು, ಅವಳ ಹೆಸರು ಹೊತ್ತುಕೊಂಡೇ. ಪೆಟ್ಟಿಗೆ ತುಂಬಿ ಮಿಕ್ಕ ಇಪ್ಪತ್ತು ಮರಿಗಳನ್ನು ಯಮನವ್ವ ಮನೆಗೆ ತಂದು ಬುಟ್ಟಿಯಡಿ ಸಾಕಿದಳು. ದಿನಾ ಬೆಳಗಾದರೆ ಒಂದೊಂದರ ತಲೆ ಸವರಿ ನೋಡುವಳು. ಎಲ್ಲವೂ ಹೆಣ್ಣೇ ಆಗಿಬಿಟ್ಟರೆ? ಎರಡು ವಾರ ಏನೂ ಕಾಣಲಿಲ್ಲ. ನಾಲ್ಕನೆಯ ವಾರ ಹನ್ನೊಂದು ಮರಿಗಳ ಜುಟ್ಟು ಎದ್ದು ಕೆಂಪೇರಿತು: ಹುಂಜಗಳೇ.

ಸುದ್ದಿ ಕೇಳಿದ ತಾಯಪ್ಪ ಬಾಗಿಲಿಗೇ ಬಂದ. ದನಿ ಬೆಣ್ಣೆಯಾಗಿತ್ತು. "ಹನ್ನೊಂದನ್ನೂ ಸಾರು ಮಾಡಿಬಿಡು ತಂಗೀ. ರೈತರು ಬಂದರ ಕಣ್ಣು ತಪ್ಪಿತು ಅನ್ನು. ಖೋಲಿ ನಿಂದ, ಕೆಲಸಾನೂ ನಿಂದ."

"ನನ್ನ ಕಣ್ಣು ತಪ್ಪಿಲ್ರಿ, ಅಣ್ಣಾ. ಆ ರೈತರು ಇನ್ನೂ ಹುಂಜಕ್ಕ ದಾಣಿ ಹಾಕಾಕತ್ಯಾರ."

ಮಕ್ಕಳನ್ನು ಭೋಸರಿಯ ಅಕ್ಕನ ಮನೆಗೆ ಕಳಿಸಿದಳು. ಕೀಲಿಕೈ ತಾಯಪ್ಪನ ಅಂಗೈಗೆ ಇಟ್ಟು ಬುಟ್ಟಿ ತಲೆಯ ಮೇಲೆ ಹೊತ್ತಳು.

"ಎಲ್ಲಿಗೆ ಹೊಂಟೀಯೇ?" ಪಕ್ಕದ ಸಕ್ಕುಬಾಯಿ ಕೂಗಿದಳು.

"ಹ್ಯಾಚರಿ ಮಾಲೀಕರ ಹಂತ್ಯಾಕ. ಇವು ಹೆಣ್ಣೋ ಗಂಡೋ, ಅವರ ಬಾಯಿಂದನ ಕೇಳಾಕ."

ಯಮನವ್ವ ಹೊಸ್ತಿಲು ದಾಟಿದಳು. ಮತ್ತೆ ಆ ಮನೆಗೆ ಬರಲಿಲ್ಲ.